ನಟ್ಟು ಬೋಲ್ಟಿಗೆ ಅಳತೆ ಕೊಟ್ಟ ಹೆನ್ರಿ ಮಾಡ್‌ಸ್ಲೆ

ಈ ಸಲ ನಾನು ಹೆನ್ರಿ ಮಾಡ್‌ಸ್ಲೆ ಎಂಬ ದೊಡ್ಡ ಕುಶಲಕರ್ಮಿಯ ಜೀವನ ಬರೆದಿದ್ದೇನೆ.

ಇವರು 1771ನೇ ಇಸವಿ ಆಗಸ್ಟ್ 22ರಂದು ಇಂಗ್ಲೆಂಡಿನ ವುಲಿಚ್‌ನಲ್ಲಿ ಜನಿಸಿದರು. 12ನೇ ವಯಸ್ಸಿಗೇ ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಗೆ ಸೇರಿ ತೋಟಾಗಳಿಗೆ ಮದ್ದು ತುಂಬುತ್ತಿದ್ದರು. ಅಂದರೆ ನನಗಿಂತ ಒಂದು ವರ್ಷ ಚಿಕ್ಕವರು! ಆಮೇಲೆ ಬಡಗಿ ಕೆಲಸಕ್ಕೆ ಹಾಕಿದರು. ಆದರೆ ಅವರ ಮನಸ್ಸೆಲ್ಲ ಕಬ್ಬಿಣದ ಮೇಲೆ. 15ನೇ ವಯಸ್ಸಿಗೆ ಕಮ್ಮಾರ ಕೆಲಸಕ್ಕೆ ಹೋದರು.

18ನೇ ವಯಸ್ಸಿನಲ್ಲಿ ಲಂಡನ್ನಿನ ಜೋಸೆಫ್ ಬ್ರಾಮಾ ಎಂಬುವರ ಹತ್ತಿರ ಸೇರಿದರು. ಬ್ರಾಮಾ ಒಂದು ಹೊಸ ಬಗೆಯ ಬೀಗ ಕಂಡುಹಿಡಿದಿದ್ದರು. ಅದರ ಒಳಗಿನ ಭಾಗಗಳು ಬಹಳ ಸೂಕ್ಷ್ಮ. ಮಾಡ್‌ಸ್ಲೆ ಆ ಬೀಗಕ್ಕೆಂದೇ ಹೊಸ ಹತಾರಗಳನ್ನು ಮಾಡಿಕೊಟ್ಟರು, ಮೇಸ್ತ್ರಿಯೂ ಆದರು. ವಾರಕ್ಕೆ 30 ಶಿಲಿಂಗ್ ಸಂಬಳ. ಸ್ವಲ್ಪ ಜಾಸ್ತಿ ಕೊಡಿ ಅಂತ ಕೇಳಿದರೆ ಮಾಲೀಕರು ಒಪ್ಪಲಿಲ್ಲ. 1797ರಲ್ಲಿ ಕೆಲಸ ಬಿಟ್ಟು ಸ್ವಂತ ವರ್ಕ್‌ಶಾಪ್ ಇಟ್ಟರು.

ಬೋಲ್ಟಿನ ಮೈಮೇಲಿನ ಸುತ್ತುಗಳಿಗೆ ತ್ರೆಡ್ಡು ಅಂತಾರಲ್ಲ, ಆಗ ಅದನ್ನು ಹೆಚ್ಚಾಗಿ ಕೈಯಿಂದಲೇ ಕೊರೆಯುತ್ತಿದ್ದರು. ಒಂದು ಬೋಲ್ಟಿನ ನಟ್ಟು ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಜೋಡಿ ತಪ್ಪದ ಹಾಗೆ ಗುರುತು ಹಾಕಿಡಬೇಕಿತ್ತು. ಸುಮಾರು 1800ರ ಹೊತ್ತಿಗೆ ಮಾಡ್‌ಸ್ಲೆ ಒಂದು ಲೇತ್ ಮಾಡಿದರು. ಅದರಲ್ಲಿ ಕೊರೆಯುವ ಉಳಿಯನ್ನು ಕೈಯಲ್ಲಿ ಹಿಡಿಯಬೇಕಾಗಿಲ್ಲ. ಒಂದು ಉದ್ದನೆಯ ತಿರುಪು ಅದನ್ನು ಒಂದೇ ಸಮನೆ ಮುಂದಕ್ಕೆ ಸರಿಸುತ್ತದೆ. ಹಲ್ಲುಚಕ್ರ ಬದಲಾಯಿಸಿದರೆ ತ್ರೆಡ್ಡಿನ ಅಳತೆಯೂ ಬದಲಾಗುತ್ತದೆ. ನಂತರ ಅವರು ಗೊತ್ತಾದ ಅಳತೆಗಳಲ್ಲಿ ಟ್ಯಾಪ್ ಮತ್ತು ಡೈಗಳನ್ನು ಮಾಡಿದರು. ಟ್ಯಾಪ್ ನಟ್ಟಿನ ಒಳಗೆ, ಡೈ ಬೋಲ್ಟಿನ ಹೊರಗೆ ತ್ರೆಡ್ಡು ಕೊರೆಯುವ ಹತಾರ. ಹೀಗಾಗಿ ಅವರ ವರ್ಕ್‌ಶಾಪಿನಲ್ಲಿ ಒಂದೇ ಸೈಜಿನ ಯಾವ ನಟ್ಟಾದರೂ ಯಾವ ಬೋಲ್ಟಿಗಾದರೂ ಕೂರತೊಡಗಿತು. ಅಲ್ಲಿ ಕೆಲಸ ಕಲಿತ ಜೋಸೆಫ್ ವಿಟ್‌ವರ್ತ್ ಎಂಬುವರು 1841ರಲ್ಲಿ ಇಡೀ ದೇಶಕ್ಕೆ ಒಂದೇ ಅಳತೆ ಇರಲಿ ಎಂದು ಸೂಚಿಸಿದರು.

ನಮ್ಮ ಸೋದರಮಾವನಿಗೆ ಸೈಕಲ್ ಶಾಪ್ ಇದೆ. ರಜೆಯಲ್ಲಿ ನಾನೂ ಹೋಗಿ ಪಾನಾ ಹಿಡೀತೀನಿ. ಡಬ್ಬಿಯಿಂದ ಸೈಜು ನೋಡಿ ನಟ್ಟು ಕೊಟ್ಟರೆ ಸಾಕು, ಸರಿಯಾಗಿ ಕೂತ್ಕೊಳ್ಳುತ್ತೆ. ಇದು ತಾನಾಗಿ ಆದದ್ದಲ್ಲ ಅಂತ ನನಗೆ ಈಗ ತಿಳಿಯಿತು. ಮಾವನ ಕೈ ಯಾವಾಗಲೂ ಗ್ರೀಸಿನಿಂದ ಕಪ್ಪಾಗಿರುತ್ತದೆ. ಅದನ್ನು ನೋಡಿ ಕೆಲವರು ನಗುತ್ತಾರೆ. ಮಾಡ್‌ಸ್ಲೆಯವರ ಕೈಯೂ ಹಾಗೇ ಇದ್ದಿರಬೇಕು.

ಅವರು 1831ರ ಫೆಬ್ರವರಿ 14ರಂದು ತೀರಿಕೊಂಡರು. ನಮ್ಮ ವಯಸ್ಸಿಗೆ ಅವರು ದುಡಿಯುತ್ತಿದ್ದರು, ನಾವು ಶಾಲೆಯಲ್ಲಿದ್ದೇವೆ. ಆದ್ದರಿಂದ ಚೆನ್ನಾಗಿ ಓದೋಣ, ಜೊತೆಗೆ ಒಂದು ಕೈಕೆಲಸವನ್ನೂ ಕಲಿಯೋಣ. ಕೈಕೆಲಸ ಮಾಡುವವರನ್ನು ಗೌರವಿಸೋಣ.