ಅಳತೆ ತಪ್ಪದ ಹೆನ್ರಿ ಲೇಲ್ಯಾಂಡ್

ಕಾರಿನ ಭಾಗವೊಂದು ಕೆಟ್ಟರೆ ಅಂಗಡಿಯಿಂದ ಹೊಸದನ್ನು ತಂದು ಜೋಡಿಸುವುದು ಇಂದು ಸಾಮಾನ್ಯ ಸಂಗತಿ. ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಹೀಗಿರಲಿಲ್ಲ. ಹೊಸ ಭಾಗವನ್ನು ಕುಶಲಕರ್ಮಿಯೊಬ್ಬ ಅರದಿಂದ ಉಜ್ಜಿ, ಆ ಒಂದು ಕಾರಿಗೆ ಮಾತ್ರ ಹೊಂದುವಂತೆ ತಿದ್ದಿ ಕೂರಿಸಬೇಕಾಗಿತ್ತು. ಅದೇ ಮಾದರಿಯ ಪಕ್ಕದ ಕಾರಿಗೆ ಆ ಭಾಗ ಹೊಂದುತ್ತದೆಂಬ ಖಾತರಿ ಇರಲಿಲ್ಲ. ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಹೆನ್ರಿ ಮಾರ್ಟಿನ್ ಲೇಲ್ಯಾಂಡ್.

1843ರ ಫೆಬ್ರವರಿ 16ರಂದು ವರ್ಮಾಂಟ್ ರಾಜ್ಯದ ಕೃಷಿಕ ಕುಟುಂಬದಲ್ಲಿ ಜನಿಸಿದ ಲೇಲ್ಯಾಂಡ್, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ದುಡಿದರು. ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಹೊಂದಲೇಬೇಕೆಂಬ ನಿಯಮ ಅಲ್ಲಿ ಕಟ್ಟುನಿಟ್ಟಾಗಿತ್ತು. ಮುಂದೆ ಅಳತೆಯ ಉಪಕರಣಗಳಿಗೆ ಹೆಸರಾದ ಬ್ರೌನ್ ಅಂಡ್ ಶಾರ್ಪ್ ಸಂಸ್ಥೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಅವರಿಗೆ ಅಂಗುಲದ ಸಾವಿರದ ಒಂದು ಭಾಗವೂ ನಿರ್ಲಕ್ಷಿಸುವಂಥದ್ದಾಗಿರಲಿಲ್ಲ.

1890ರಲ್ಲಿ ಡೆಟ್ರಾಯಿಟ್ ನಗರಕ್ಕೆ ಬಂದು ಸ್ವಂತ ಯಂತ್ರಾಗಾರ ಆರಂಭಿಸಿದರು. 1902ರಲ್ಲಿ, ಹೆನ್ರಿ ಫೋರ್ಡ್ ಬಿಟ್ಟುಹೋಗಿದ್ದ ಕಂಪನಿಯ ಪಾಲುದಾರರು ಕಾರ್ಖಾನೆಯನ್ನು ಮುಚ್ಚುವ ಯೋಚನೆಯಿಂದ ಅದರ ಯಂತ್ರಗಳಿಗೆ ಬೆಲೆ ಕಟ್ಟಲು ಲೇಲ್ಯಾಂಡ್ ಅವರನ್ನು ಕರೆಸಿದರು. ಮುಚ್ಚುವುದರ ಬದಲು ತಮ್ಮ ಎಂಜಿನ್ ಬಳಸಿ ಕಾರು ತಯಾರಿಸುವಂತೆ ಅವರು ಸಲಹೆ ನೀಡಿದರು. ಡೆಟ್ರಾಯಿಟ್ ನಗರದ ಸ್ಥಾಪಕನ ಹೆಸರಿನಲ್ಲಿ ಕ್ಯಾಡಿಲಾಕ್ ಕಂಪನಿ ಹುಟ್ಟಿದ್ದು ಹೀಗೆ.

ಜೋಡಣೆಗೆ ಮುನ್ನ ಪರೀಕ್ಷೆ ಎಂಬುದು ಅವರ ಕಾರ್ಖಾನೆಯ ಮೂಲಮಂತ್ರವಾಗಿತ್ತು. ಭಾಗಗಳನ್ನು ಗೇಜ್‌ಗಳಿಂದ ಅಳೆಯಲಾಗುತ್ತಿತ್ತು. ಗೇಜಿನ ಒಂದು ತುದಿಯಲ್ಲಿ ಭಾಗ ಸಲೀಸಾಗಿ ಕೂರಬೇಕು, ಇನ್ನೊಂದರಲ್ಲಿ ಕೂರಲೇಬಾರದು. ಎರಡರಲ್ಲಿ ಯಾವುದು ತಪ್ಪಿದರೂ ಆ ಭಾಗ ತಿರಸ್ಕೃತ. ಹೊರಗಿನಿಂದ ಬರುವ ಸರಕಿಗೂ ರಿಯಾಯಿತಿ ಇರಲಿಲ್ಲ. ಬೇರಿಂಗ್ ಪೂರೈಸುತ್ತಿದ್ದ ತರುಣ ಉದ್ಯಮಿ ಆಲ್ಫ್ರೆಡ್ ಸ್ಲೋನ್ ಅವರನ್ನು ಕರೆಸಿ, ಮೈಕ್ರೋಮೀಟರ್‌ನಿಂದ ಅಳೆದು ದೋಷವನ್ನು ಕಣ್ಣೆದುರೇ ತೋರಿಸಿದರು. ಮುಂದೆ ಜನರಲ್ ಮೋಟಾರ್ಸ್‌ನ ಅಧ್ಯಕ್ಷರಾದ ಸ್ಲೋನ್ ಆ ಪಾಠವನ್ನು ಕೊನೆಯವರೆಗೂ ಮರೆಯಲಿಲ್ಲ.

ಈ ಶಿಸ್ತಿನ ನಿಜವಾದ ಪರೀಕ್ಷೆ ನಡೆದದ್ದು 1908ರಲ್ಲಿ, ಇಂಗ್ಲೆಂಡಿನಲ್ಲಿ. ಅಗ್ಗದ ಅಮೆರಿಕನ್ ಕಾರುಗಳ ಬಗ್ಗೆ ಅಲ್ಲಿ ಒಳ್ಳೆಯ ಅಭಿಪ್ರಾಯವಿರಲಿಲ್ಲ. ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಉಸ್ತುವಾರಿಯಲ್ಲಿ ಲಂಡನ್ನಿನ ಮಾರಾಟಗಾರರ ದಾಸ್ತಾನಿನಿಂದ ಮೂರು ಕ್ಯಾಡಿಲಾಕ್ ಕಾರುಗಳನ್ನು ಆರಿಸಿ ಬ್ರೂಕ್‌ಲ್ಯಾಂಡ್ಸ್ ಓಟದ ಪಥಕ್ಕೆ ತರಲಾಯಿತು. ಓಡಿಸಿ ನೋಡಿದ ಬಳಿಕ ಒಂದೊಂದನ್ನೂ 721 ಭಾಗಗಳಾಗಿ ಬಿಚ್ಚಿ, ಎಲ್ಲವನ್ನೂ ಒಂದೇ ರಾಶಿಯಾಗಿ ಬೆರೆಸಲಾಯಿತು. ಸಾಲದೆಂಬಂತೆ ಅಧಿಕಾರಿಗಳು 89 ಭಾಗಗಳನ್ನು ತೆಗೆದಿರಿಸಿ, ಮಾರಾಟಗಾರರ ಬಿಡಿಭಾಗಗಳ ಸಂಗ್ರಹದಿಂದ ಹೊಸವನ್ನು ತಂದು ಸೇರಿಸಿದರು. ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳಂಥ ಸರಳ ಉಪಕರಣಗಳಿಗಷ್ಟೇ ಅವಕಾಶ, ಅರ ಮುಟ್ಟುವಂತಿರಲಿಲ್ಲ. ಒಂದೇ ಒಂದು ಭಾಗ ಹೊಂದದಿದ್ದರೂ ಕಂಪನಿಯ ಮಾನ ಹೋಗುತ್ತಿತ್ತು. ಬಣ್ಣಬಣ್ಣದ ತುಂಡುಗಳಿಂದ ಮರುಜೋಡಣೆಗೊಂಡ ಮೂರೂ ಕಾರುಗಳು ಚಾಲನೆಗೊಂಡು 500 ಮೈಲಿ ಓಡಿದವು. ಆ ವರ್ಷದ ಡೇವಾರ್ ಟ್ರೋಫಿ ಕ್ಯಾಡಿಲಾಕ್ ಪಾಲಾಯಿತು.

1909ರಲ್ಲಿ ಕ್ಯಾಡಿಲಾಕ್ ಜನರಲ್ ಮೋಟಾರ್ಸ್‌ಗೆ ಸೇರಿತು. 1917ರಲ್ಲಿ ಅಲ್ಲಿಂದ ಹೊರಬಂದ ಲೇಲ್ಯಾಂಡ್, ಯುದ್ಧವಿಮಾನಗಳ ಎಂಜಿನ್ ತಯಾರಿಸಲು ಲಿಂಕನ್ ಕಂಪನಿ ಕಟ್ಟಿದರು. ಯುದ್ಧಾನಂತರ ಅದೇ ನಿಖರತೆಯಿಂದ ಕಾರು ತಯಾರಿಸಿದರೂ ಆರ್ಥಿಕ ಹಿಂಜರಿತದ ಹೊಡೆತ ತಾಳಲಾಗಲಿಲ್ಲ. 1922ರಲ್ಲಿ ಕಂಪನಿಯನ್ನು 80 ಲಕ್ಷ ಡಾಲರ್‌ಗೆ ಕೊಂಡವರು ಅದೇ ಹೆನ್ರಿ ಫೋರ್ಡ್. ಕೆಲವೇ ತಿಂಗಳುಗಳಲ್ಲಿ ಲೇಲ್ಯಾಂಡ್ ಹೊರನಡೆಯಬೇಕಾಯಿತು. 1932ರ ಮಾರ್ಚ್ 26ರಂದು, 89ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಕಂಪನಿಗಳು ಕೈತಪ್ಪಿದರೂ ಅವರ ಪಾಠ ಉಳಿದಿದೆ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಬಿಡಿಭಾಗ ಜೋಡಿಸುವುದು ಇಂದಿಗೂ ಅಪಾಯಕಾರಿ. ಒಂದೇ ಮಾದರಿಯ ಕಾರಿನಲ್ಲೂ ತಯಾರಿಕೆಯ ವರ್ಷ, ಎಂಜಿನ್‌ಗೆ ತಕ್ಕಂತೆ ಭಾಗಗಳು ಬದಲಾಗುತ್ತವೆ. ಚಾಸಿಸ್ ಸಂಖ್ಯೆ ನೀಡಿ ಭಾಗದ ಸಂಖ್ಯೆಯನ್ನು ತಾಳೆ ನೋಡುವುದು, ಹಳೆಯ ಬ್ರೇಕ್ ಪ್ಯಾಡ್ ಪಕ್ಕದಲ್ಲಿ ಹೊಸದನ್ನಿಟ್ಟು ಆಕಾರ ಹೋಲಿಸುವುದು, ಆಯಿಲ್ ಫಿಲ್ಟರ್‌ನ ಮರೆ ಮತ್ತು ರಬ್ಬರ್ ವಾಷರ್‌ನ ಅಳತೆ ಪರಿಶೀಲಿಸುವುದು ಕೆಲವೇ ನಿಮಿಷಗಳ ಕೆಲಸ. ಹೊಂದದ ಭಾಗವನ್ನು ಬಲವಂತವಾಗಿ ಕೂರಿಸುವ ಬದಲು ಅಂಗಡಿಗೆ ಹಿಂದಿರುಗಿಸುವುದೇ ಲೇಲ್ಯಾಂಡ್ ಹಾಕಿಕೊಟ್ಟ ಮಾರ್ಗ.