ಜೂಡೊ ಪಿತಾಮಹ ಕಾನೊ ಜಿಗೊರೊ

ವಿದ್ಯೆಯೊಂದು ಗುರುವಿನ ಕಾಲಾನಂತರವೂ ಬಾಳಬೇಕಾದರೆ ಅದಕ್ಕೊಂದು ಮನೆ ಬೇಕು. ಆ ಮನೆಗೊಂದು ಕಟ್ಟಳೆ ಬೇಕು. ಮಠಗಳ ನೆರಳಿನಲ್ಲಿ ಶಾಲೆಗಳು ಬೆಳೆದುಬಂದಿರುವ ನಮ್ಮ ನಾಡಿಗೆ ಈ ಮಾತು ಹೊಸದಲ್ಲ. ಇಂದು ಲಗ್ಗೆರೆ, ಪೀಣ್ಯಗಳಂತಹ ದುಡಿಯುವ ಜನರ ನೆಲೆಗಳಲ್ಲಿಯೂ ಬಿಳಿಯ ಅಂಗಿ ತೊಟ್ಟು, ನಡುವಿಗೆ ಬಣ್ಣದ ಪಟ್ಟಿ ಕಟ್ಟಿಕೊಂಡು ಜೂಡೊ, ಕರಾಟೆಗಳ ಅಭ್ಯಾಸಕ್ಕೆ ಹೊರಡುವ ಮಕ್ಕಳನ್ನು ಕಾಣುತ್ತೇವೆ. ಆ ಅಂಗಿಯ ಮತ್ತು ಆ ಪಟ್ಟಿಯ ಹಿಂದೆ ಜಪಾನಿನ ಒಬ್ಬ ಅಧ್ಯಾಪಕರ ಅರ್ಧ ಶತಮಾನದ ಸಾಧನೆಯಿದೆ. ಅವರೇ ಜೂಡೊ ಕಲೆಯ ಸ್ಥಾಪಕರಾದ ಕಾನೊ ಜಿಗೊರೊ.

ಕಾನೊ ಅವರು ೧೮೬೦ರಲ್ಲಿ ಈಗಿನ ಕೋಬೆ ನಗರಕ್ಕೆ ಸೇರಿದ ಮಿಕಾಗೆ ಎಂಬಲ್ಲಿ, ಮದ್ಯ ತಯಾರಿಕೆಗೆ ಹೆಸರಾದ ಅನುಕೂಲಸ್ಥ ಮನೆತನದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರನ್ನು ತಂದೆಯವರು ಟೋಕಿಯೊ ನಗರಕ್ಕೆ ಕರೆತಂದು ಓದಿಗೆ ಹಚ್ಚಿದರು. ಪಾಠದಲ್ಲಿ ಮುಂದಿದ್ದ ಬಾಲಕನ ದೇಹ ಮಾತ್ರ ಕೃಶವಾಗಿತ್ತು. ಬಲಿಷ್ಠರಾದ ಸಹಪಾಠಿಗಳು ಕೊಡುತ್ತಿದ್ದ ಕಿರುಕುಳದಿಂದ ನೊಂದ ಅವರಲ್ಲಿ, ಅಲ್ಪಬಲನೂ ಅಧಿಕಬಲನನ್ನು ಗೆಲ್ಲಬಲ್ಲ ಜುಜುತ್ಸು ಎಂಬ ಹಳೆಯ ಮಲ್ಲವಿದ್ಯೆಯನ್ನು ಕಲಿಯುವ ಹಂಬಲ ಮೂಡಿತು.

ಆದರೆ ಅದನ್ನು ಕಲಿಸುವವರು ಯಾರು? ೧೮೬೮ರ ರಾಜಕೀಯ ಪರಿವರ್ತನೆಯ ಬಳಿಕ ಯೋಧವರ್ಗದ ಸ್ಥಾನಮಾನಗಳು ಅಳಿದುಹೋಗಿ, ಅವರ ವಿದ್ಯೆಗಳೂ ಬೀದಿಪಾಲಾಗಿದ್ದವು. ಅನೇಕ ಜುಜುತ್ಸು ಗುರುಗಳು ಮುರಿದ ಮೂಳೆ ಕೂಡಿಸುವ ವೃತ್ತಿಯಿಂದ ಹೊಟ್ಟೆ ಹೊರೆಯುತ್ತಿದ್ದರು. ನಮ್ಮ ಮೈಸೂರು ಸೀಮೆಯ ಜಟ್ಟಿಗಳು ಕಾಳಗದೊಡನೆ ಮೂಳೆ ಕೂಡಿಸುವುದರಲ್ಲಿಯೂ ಹೆಸರಾದವರೆಂಬುದನ್ನು ನೆನೆದರೆ ಈ ಸಂಬಂಧ ವಾಚಕರಿಗೆ ಸುಲಭವಾಗಿ ಹೊಳೆಯುತ್ತದೆ. ಕಾನೊ ಅವರು ಮೂಳೆ ವೈದ್ಯರನ್ನೇ ಅರಸುತ್ತ ನಡೆದು, ೧೮೭೭ರಲ್ಲಿ ಫುಕುದ ಹಾಚಿನೊಸುಕೆ ಎಂಬ ಗುರುವನ್ನು ಕಂಡುಕೊಂಡರು. ಹಗಲಿನಲ್ಲಿ ವಿಶ್ವವಿದ್ಯಾನಿಲಯದ ವ್ಯಾಸಂಗ, ಉಳಿದ ವೇಳೆಯಲ್ಲಿ ಮಲ್ಲವಿದ್ಯೆ, ಹೀಗೆ ಅವರ ಯೌವನ ಸಾಗಿತು. ಎರಡು ವರ್ಷಗಳಲ್ಲಿ ಫುಕುದ ಅವರು ತೀರಿಕೊಂಡರು. ಬಳಿಕ ಆಶ್ರಯಿಸಿದ ಈಸೊ ಎಂಬ ಗುರುವೂ ೧೮೮೧ರಲ್ಲಿ ಕಾಲವಶರಾದರು. ಅನಂತರ ಈಕುಬೊ ಎಂಬವರಲ್ಲಿ ಮತ್ತೊಂದು ಸಂಪ್ರದಾಯವನ್ನು ಕಲಿತರು. ಗುರುವಿನೊಡನೆ ವಿದ್ಯೆಯೂ ಅಳಿಯಬಹುದೆಂಬ ಸತ್ಯ ಅವರಿಗೆ ಗ್ರಂಥದಿಂದಲ್ಲ, ಅನುಭವದಿಂದಲೇ ಮನದಟ್ಟಾಯಿತು.

೧೮೮೨ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿಗೆ ಮುನ್ನವೇ, ಟೋಕಿಯೊದ ಏಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಪುಟ್ಟ ಜಾಗವನ್ನು ಪಡೆದು, ಒಂಬತ್ತು ಮಂದಿ ಶಿಷ್ಯರೊಡನೆ ಕೊಡೊಕಾನ್ ಎಂಬ ಶಾಲೆಯನ್ನು ಆರಂಭಿಸಿದರು. ಮಾರ್ಗವನ್ನು ಅಭ್ಯಸಿಸುವ ಮಂದಿರವೆಂಬುದು ಆ ಹೆಸರಿನ ಭಾವ. ತಮ್ಮ ವಿದ್ಯೆಗೆ ಜುಜುತ್ಸು ಎಂಬ ಹಳೆಯ ಹೆಸರನ್ನು ಬಿಟ್ಟು, ಮೃದುತ್ವದ ಮಾರ್ಗವೆಂಬ ಅರ್ಥದ ಜೂಡೊ ಎಂಬುದನ್ನು ಇರಿಸಿಕೊಂಡರು. ಶಿಷ್ಯರು ಬೀಳುವ ರಭಸಕ್ಕೆ ದೇವಾಲಯವೇ ಅದುರುತ್ತಿತ್ತು. ಮೊದಲ ವರ್ಷಗಳಲ್ಲಿ ಯಾರಿಂದಲೂ ಶುಲ್ಕವನ್ನು ಪಡೆಯಲಿಲ್ಲ. ಅಧ್ಯಾಪಕ ವೃತ್ತಿಯ ಸಂಬಳ ಮತ್ತು ಭಾಷಾಂತರದ ದುಡಿಮೆಯಿಂದ ಬಂದ ಹಣ ಶಾಲೆಯ ವೆಚ್ಚಕ್ಕೆ ಸಲ್ಲುತ್ತಿದ್ದಿತು. ಕಾಯಕದ ಫಲವನ್ನು ದಾಸೋಹಕ್ಕೆ ಅರ್ಪಿಸುವ ನಮ್ಮ ಪರಂಪರೆಯನ್ನು ಅರಿತವರಿಗೆ ಈ ನಡೆ ಆಪ್ತವಾಗಿ ತೋರದೆ ಇರದು.

ಕಾನೊ ಅವರ ಹಿರಿಮೆ ಹೊಸ ಪಟ್ಟುಗಳನ್ನು ಕಂಡುಹಿಡಿದುದರಲ್ಲಿ ಮಾತ್ರವಿಲ್ಲ. ಕಲಿಕೆಗೆ ಕ್ರಮವನ್ನು ಕೊಟ್ಟುದರಲ್ಲಿದೆ. ಅಪಾಯಕರವಾದ ಪಟ್ಟುಗಳನ್ನು ಮುಕ್ತ ಕಾದಾಟದಿಂದ ತೆಗೆದರು. ಪೆಟ್ಟಾಗದಂತೆ ಬೀಳುವುದನ್ನು ಮೊದಲ ಪಾಠವಾಗಿಸಿದರು. ಸೇರಿದವರ ಹೆಸರನ್ನು ದಾಖಲೆ ಪುಸ್ತಕದಲ್ಲಿ ಬರೆಯಿಸಿದರು. ಸಾಧನೆಯನ್ನು ಅಳೆಯಲು ದಾನ್ ಎಂಬ ದರ್ಜೆಗಳನ್ನು ಏರ್ಪಡಿಸಿ, ೧೮೮೩ರಲ್ಲಿ ಇಬ್ಬರು ಶಿಷ್ಯರಿಗೆ ಮೊದಲ ದರ್ಜೆಯನ್ನು ನೀಡಿದರು. ಮುಂದೆ ಕರಾಟೆ ಮೊದಲಾದ ಕಲೆಗಳೂ ಈ ದರ್ಜೆಯ ಪದ್ಧತಿಯನ್ನೇ ಸ್ವೀಕರಿಸಿದವು. ೧೮೯೩ರಿಂದ ಸ್ತ್ರೀಯರಿಗೂ ಪಾಠ ಹೇಳಿದರು. ೧೯೨೬ರಲ್ಲಿ ಅವರಿಗಾಗಿ ಪ್ರತ್ಯೇಕ ವಿಭಾಗವೇ ತೆರೆಯಿತು. ೧೯೦೯ರಲ್ಲಿ ಕೊಡೊಕಾನ್ ಕಾನೂನುಬದ್ಧವಾದ ನಿಧಿ ಸಂಸ್ಥೆಯಾಯಿತು. ಒಬ್ಬ ಗುರುವಿನ ಸ್ವಂತ ಶಾಲೆ ಹೀಗೆ ಸಾರ್ವಜನಿಕ ಸ್ವತ್ತಾಯಿತು.

ಅವರು ವೃತ್ತಿಯಿಂದ ಶಿಕ್ಷಣತಜ್ಞರು. ಟೋಕಿಯೊದ ಉನ್ನತ ಶಿಕ್ಷಕ ತರಬೇತಿ ವಿದ್ಯಾಲಯದ ಪ್ರಾಂಶುಪಾಲರಾಗಿ ೧೮೯೩ರಿಂದ ೧೯೨೦ರವರೆಗೆ, ನಡುವೆ ಕೆಲಕಾಲ ಹೊರತಾಗಿ, ಸೇವೆ ಸಲ್ಲಿಸಿದರು. ಚೀನದಿಂದ ಬಂದ ವಿದ್ಯಾರ್ಥಿಗಳಿಗಾಗಿಯೂ ಶಾಲೆ ನಡೆಸಿದರು. ಮುಂದೆ ಮಹಾಲೇಖಕರೆನಿಸಿದ ಲು ಷುನ್ ಅಲ್ಲಿ ಓದಿದವರು. ೧೯೦೯ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದ ಮೊದಲ ಏಷ್ಯನ್ನರೆನಿಸಿದರು. ೧೯೧೧ರಲ್ಲಿ ಜಪಾನಿನ ರಾಷ್ಟ್ರೀಯ ಕ್ರೀಡಾ ಸಂಘವನ್ನು ಸ್ಥಾಪಿಸಿ, ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ ಕೂಟಕ್ಕೆ ಇಬ್ಬರು ಓಟಗಾರರನ್ನು ಕರೆದೊಯ್ದರು. ಇಂತಹ ಅಧಿಕಾರವಿದ್ದರೂ ತಮ್ಮ ಜೂಡೊವನ್ನು ಒಲಿಂಪಿಕ್ ಪಂದ್ಯಗಳಿಗೆ ಸೇರಿಸಲು ಅವರು ಆತುರಪಡಲಿಲ್ಲ. ಶಕ್ತಿಯನ್ನು ಅತ್ಯಂತ ಸಾರ್ಥಕವಾಗಿ ಬಳಸುವುದು, ತಾನೂ ಪರರೂ ಕೂಡಿ ಏಳಿಗೆ ಹೊಂದುವುದು, ಇವೆರಡೇ ಜೂಡೊದ ಗುರಿಗಳೆಂದು ಅವರು ಸಾರಿದ್ದರು. ಪದಕದ ಆಸೆಯಲ್ಲಿ ಈ ಗುರಿ ಮರೆಯಾದೀತೆಂಬ ಅಳುಕು ಅವರಿಗಿತ್ತು.

ಅವರ ವಿದ್ಯೆ ಭಾರತವನ್ನೂ ತಲುಪಿತು. ಕವೀಂದ್ರ ರವೀಂದ್ರನಾಥ ಠಾಗೋರರ ಆಹ್ವಾನದ ಮೇರೆಗೆ ತಕಗಾಕಿ ಷಿಂಜೊ ಎಂಬ ಜೂಡೊ ಶಿಕ್ಷಕರು ೧೯೨೯ರಲ್ಲಿ ಶಾಂತಿನಿಕೇತನಕ್ಕೆ ಬಂದು ಅಲ್ಲಿನ ವಿದ್ಯಾರ್ಥಿಗಳಿಗೆ ಕಲಿಸಿದರು.

೧೯೩೮ರಲ್ಲಿ ಕೈರೊ ನಗರದ ಒಲಿಂಪಿಕ್ ಸಭೆಯನ್ನು ಮುಗಿಸಿ ಮರಳುತ್ತಿದ್ದಾಗ, ಮೇ ೪ರಂದು, ಹಿಕಾವ ಮಾರು ಎಂಬ ಹಡಗಿನಲ್ಲಿ ಕಾನೊ ಅವರು ನ್ಯುಮೋನಿಯದಿಂದ ನಿಧನರಾದರು. ಅವರು ಶ್ರಮಿಸಿ ಗಳಿಸಿದ್ದ ೧೯೪೦ರ ಟೋಕಿಯೊ ಕೂಟವನ್ನು ಯುದ್ಧಮಗ್ನವಾದ ಸರಕಾರ ಕೆಲವೇ ತಿಂಗಳಲ್ಲಿ ಕೈಬಿಟ್ಟಿತು.

ಅವರು ಕಟ್ಟಿದ ಮನೆಗೆ ನಿಜವಾದ ಪರೀಕ್ಷೆ ಒದಗಿದ್ದು ಇದಾದ ಮೇಲೆ. ಕ್ಯೋಟೊದಲ್ಲಿ ೧೮೯೫ರಲ್ಲಿ ಸ್ಥಾಪಿತವಾಗಿ ದೇಶದ ಎಲ್ಲ ಸಮರಕಲೆಗಳನ್ನೂ ಒಳಗೊಂಡಿದ್ದ ಬುಟೊಕುಕಾಯ್ ಎಂಬ ಮಹಾಸಂಸ್ಥೆ ಯುದ್ಧಕಾಲದಲ್ಲಿ ಸರಕಾರದ ಅಂಗವಾಗಿ, ಸೋಲಿನ ಬಳಿಕ ೧೯೪೬ರಲ್ಲಿ ವಿಸರ್ಜನೆಗೊಂಡಿತು. ಶಾಲೆಗಳಲ್ಲಿ ಜೂಡೊ ಕೂಡ ನಿಷೇಧಕ್ಕೊಳಗಾಯಿತು. ಆದರೆ ಕೊಡೊಕಾನ್ ಉಳಿಯಿತು. ಅದರ ಬಲದಿಂದಲೇ ೧೯೪೯ರಲ್ಲಿ ಅಖಿಲ ಜಪಾನ್ ಜೂಡೊ ಒಕ್ಕೂಟ ರೂಪುಗೊಂಡು, ಕಾನೊ ಅವರ ಪುತ್ರ ರಿಸೇಯಿ ಅದರ ಅಧ್ಯಕ್ಷರಾದರು. ಮರುವರ್ಷ ಜೂಡೊ ಶಾಲೆಗಳಿಗೆ ಮರಳಿತು. ೧೯೬೪ರಲ್ಲಿ ಟೋಕಿಯೊ ಒಲಿಂಪಿಕ್ ಕೂಟದಲ್ಲಿ ಸ್ಥಾನವನ್ನೂ ಪಡೆಯಿತು.

ಕಟ್ಟಳೆಯಿದ್ದ ಮಾತ್ರಕ್ಕೆ ಉದ್ದೇಶ ತಾನಾಗಿ ಉಳಿಯುವುದಿಲ್ಲವೆಂಬ ಪಾಠವನ್ನೂ ಈ ಚರಿತ್ರೆ ಕಲಿಸುತ್ತದೆ. ೨೦೧೩ರಲ್ಲಿ, ತರಬೇತಿಯ ಹೆಸರಿನಲ್ಲಿ ತಮಗೆ ಹೊಡೆತ ಬಡಿತಗಳಾಗುತ್ತಿವೆಯೆಂದು ಜಪಾನಿನ ಹದಿನೈದು ಮಂದಿ ಅಗ್ರ ಕ್ರೀಡಾಪಟುಗಳಾದ ಮಹಿಳೆಯರು ಮಾಡಿದ ದೂರು ಬೆಳಕಿಗೆ ಬಂದು, ಅದೇ ವರ್ಷ ಒಕ್ಕೂಟದ ಅಧ್ಯಕ್ಷರು ಪದತ್ಯಾಗ ಮಾಡಬೇಕಾಯಿತು. ದುರ್ಬಲನ ರಕ್ಷಣೆಗಾಗಿ ಹುಟ್ಟಿದ ವಿದ್ಯೆಯ ಮನೆಯಲ್ಲಿಯೇ ಕಲಿಯುವವರು ನೋಯುವಂತಾದುದು ಆ ಮಹನೀಯರ ಆದರ್ಶಕ್ಕೆ ಒದಗಿದ ಗ್ರಹಣವೇ ಸರಿ.

ಸಂಸ್ಥೆಗಳನ್ನು ಕಟ್ಟುವ ದಾನಿಗಳಿಗೂ, ನಡೆಸುವ ಅಧ್ಯಾಪಕರಿಗೂ, ಅವುಗಳಿಂದ ಹೊರಬಂದ ಹಳೆಯ ವಿದ್ಯಾರ್ಥಿಗಳಿಗೂ ಇದರಲ್ಲಿ ಎಚ್ಚರಿಕೆಯಿದೆ. ಗೋಡೆ, ನಿಧಿ, ನಿಯಮಾವಳಿಗಳು ವಿದ್ಯೆಯನ್ನು ಕಾಯುತ್ತವೆ. ಅಂಗಳದಲ್ಲಿ ನಿಂತ ಅತ್ಯಂತ ದುರ್ಬಲ ಮಗುವನ್ನು ಕಾಯುವ ಕಣ್ಣು ಮಾತ್ರ ಪ್ರತಿ ತಲೆಮಾರಿನಲ್ಲಿಯೂ ಹೊಸದಾಗಿ ತೆರೆಯಬೇಕು. ಕೃಶಕಾಯನಾದ ಒಬ್ಬ ಬಾಲಕನ ನೋವಿನಿಂದ ಹುಟ್ಟಿ ಜಗತ್ತನ್ನೇ ವ್ಯಾಪಿಸಿದ ಕಾನೊ ಅವರ ಕಾಯಕ ನಮ್ಮ ಶಾಲೆಗಳಿಗೂ ದಾರಿದೀಪವಾಗಲಿ.