ಜೂಮ್ ಹೆಚ್ಚಿದಷ್ಟೂ ನೋಟ ಸ್ಪಷ್ಟವೇ? 150 ವರ್ಷಗಳ ಹಿಂದೆಯೇ ಲೆಕ್ಕ ಹಾಕಿದ್ದ ಅರ್ನ್ಸ್ಟ್ ಅಬೆ

ಫೋನಿನ ಕ್ಯಾಮೆರಾ ಇರಲಿ, ಬೈನಾಕ್ಯುಲರ್ ಇರಲಿ, ಬೇಟೆಯ ರೈಫಲ್ ಮೇಲೆ ಕೂರಿಸುವ ಸ್ಕೋಪ್ ಇರಲಿ, ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಒಂದೇ ಸಂಖ್ಯೆ: ಇಷ್ಟು ಪಟ್ಟು ಜೂಮ್. ಸಂಖ್ಯೆ ದೊಡ್ಡದಿದ್ದರೆ ದೂರದ್ದೂ ಚೆನ್ನಾಗಿ ಕಾಣುತ್ತದೆ ಎಂದು ನಾವೆಲ್ಲ ನಂಬಿಬಿಡುತ್ತೇವೆ. ಇದು ಅರ್ಧ ಸತ್ಯ. ಉಳಿದರ್ಧ ತಿಳಿಯಲು ಜರ್ಮನಿಯ ಒಬ್ಬ ಕಾರ್ಮಿಕನ ಮಗನ ಬದುಕನ್ನು ನೋಡೋಣ.

ಅರ್ನ್ಸ್ಟ್ ಅಬೆ ಹುಟ್ಟಿದ್ದು 1840ರ ಜನವರಿ 23ರಂದು, ಐಸೆನಾಖ್ ಊರಿನಲ್ಲಿ. ತಂದೆಗೆ ನೂಲಿನ ಗಿರಣಿಯಲ್ಲಿ ಕೆಲಸ. ದಿನಕ್ಕೆ 14ರಿಂದ 16 ಗಂಟೆ ದುಡಿತ, ಊಟಕ್ಕೂ ಬಿಡುವಿಲ್ಲ. ಬುತ್ತಿ ಒಯ್ಯುತ್ತಿದ್ದ ಹುಡುಗ, ಅಪ್ಪ ಯಂತ್ರದ ಪಕ್ಕ ನಿಂತೇ ಗಬಗಬನೆ ಉಂಡು ಮತ್ತೆ ಕೆಲಸಕ್ಕೆ ತಿರುಗುವುದನ್ನು ನೋಡುತ್ತಿದ್ದ. ಗಿರಣಿಯ ಮಾಲೀಕರ ನೆರವಿನಿಂದ ಓದು ಮುಂದುವರಿಯಿತು. 1861ರಲ್ಲಿ ಗಟಿಂಗೆನ್‌ನಲ್ಲಿ ಡಾಕ್ಟರೇಟ್, 1863ರಿಂದ ಯೇನಾ ವಿಶ್ವವಿದ್ಯಾಲಯದಲ್ಲಿ ಪಾಠ.

ಅದೇ ಯೇನಾದಲ್ಲಿ ಕಾರ್ಲ್ ಝೈಸ್ 1846ರಿಂದ ಸೂಕ್ಷ್ಮದರ್ಶಕ ತಯಾರಿಸುವ ಕಾರ್ಯಾಗಾರ ನಡೆಸುತ್ತಿದ್ದರು. ಆಗ ಲೆನ್ಸ್ ಮಾಡುವುದೆಂದರೆ ಅಂದಾಜಿನ ಕೆಲಸ: ಉಜ್ಜಿ ನೋಡುವುದು, ಸರಿ ಬರದಿದ್ದರೆ ಮತ್ತೆ ಉಜ್ಜುವುದು. ಇದನ್ನು ಲೆಕ್ಕದ ಮೇಲೆ ಮಾಡಲಾದೀತೇ ಎಂದು 1866ರಲ್ಲಿ ಝೈಸ್ ಅಬೆಯವರ ನೆರವು ಕೋರಿದರು.

ಅಬೆಯವರ ಮೊದಲ ಲೆಕ್ಕ ಕೈಕೊಟ್ಟಿತು. ದೋಷ ಕಡಿಮೆಯಾಗಲೆಂದು ಲೆನ್ಸ್‌ಗೆ ಬೆಳಕು ಬರುವ ಕೋನವನ್ನು ಕಿರಿದು ಮಾಡಿದ್ದರು. ಚಿತ್ರ ಹಳೆಯ ಲೆನ್ಸ್‌ಗಳಿಗಿಂತ ಕೆಟ್ಟದಾಗಿ ಬಂತು. ಈ ಸೋಲೇ ಅವರಿಗೆ ದಾರಿ ತೋರಿಸಿತು. ಸೂಕ್ಷ್ಮ ವಿವರ ಕಾಣಲು ಹಿಗ್ಗಿಸಿದರೆ ಸಾಲದು, ಲೆನ್ಸ್ ಸಾಕಷ್ಟು ಅಗಲವಾಗಿ ಬೆಳಕನ್ನು ಹಿಡಿಯಬೇಕು. 1873ರಲ್ಲಿ ಇದನ್ನು ಪ್ರಕಟಿಸಿದರು. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 0.2 ಮೈಕ್ರಾನ್ ಎಂಬ ಮಿತಿ ಇರುವುದು ಇದರಿಂದಲೇ. ಅದರಾಚೆ ಎಷ್ಟೇ ಹಿಗ್ಗಿಸಿದರೂ ಮಸುಕೇ ದೊಡ್ಡದಾಗುತ್ತದೆ.

ಸ್ಕೋಪ್‌ಗೆ ಬರೋಣ. ಅದರ ಮೇಲೆ 4-16x50 ಎಂದು ಬರೆದಿದ್ದರೆ 4ರಿಂದ 16 ಪಟ್ಟು ಹಿಗ್ಗುತ್ತದೆ, ಮುಂದಿನ ಲೆನ್ಸ್ 50 ಮಿ.ಮೀ. ಅಗಲ ಎಂದರ್ಥ. ಅಗಲವನ್ನು ಪಟ್ಟಿನಿಂದ ಭಾಗಿಸಿ. 16 ಪಟ್ಟಿನಲ್ಲಿ ಕಣ್ಣಿಗೆ ಬರುವ ಬೆಳಕಿನ ಕಂಬ ಸುಮಾರು 3 ಮಿ.ಮೀ., 8 ಪಟ್ಟಿನಲ್ಲಿ 6 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಕತ್ತಲಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ. ಅಂದರೆ ಮುಸ್ಸಂಜೆಯಲ್ಲಿ 16 ಪಟ್ಟು ಇಟ್ಟರೆ ಪ್ರಾಣಿ ದೊಡ್ಡದಾಗಿ, ಆದರೆ ಮಂಕಾಗಿ ಕಾಣುತ್ತದೆ. ಜೊತೆಗೆ ಕೈನಡುಕ, ಬಿಸಿಗಾಳಿಯ ಅಲೆ ಕೂಡ ಅಷ್ಟೇ ಪಟ್ಟು ಹಿಗ್ಗುತ್ತವೆ, ಸುತ್ತಲಿನ ನೋಟ ಕಿರಿದಾಗುತ್ತದೆ. ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ಈ ತಪ್ಪಿನ ಬೆಲೆ ತೆರುವುದು ಗಾಯಗೊಂಡು ನರಳುವ ಜಿಂಕೆ, ಇಲ್ಲವೇ ಗುರಿಯ ಹಿಂದಿದ್ದು ಕಣ್ಣಿಗೆ ಬೀಳದ ಮನುಷ್ಯ. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಆದರೆ ಹಕ್ಕಿ ನೋಡಲು ಬೈನಾಕ್ಯುಲರ್ ಕೊಳ್ಳುವವರಿಗೂ ಲೆಕ್ಕ ಇದೇ.

ಲೆಕ್ಕದ ಜೊತೆಗೆ ಒಳ್ಳೆಯ ಗಾಜೂ ಬೇಕಿತ್ತು. ಅದಕ್ಕಾಗಿ 1884ರಲ್ಲಿ ಒಟ್ಟೊ ಶಾಟ್ ಜೊತೆ ಯೇನಾದಲ್ಲಿ ಗಾಜಿನ ಕಾರ್ಖಾನೆ ಶುರುವಾಯಿತು. 1894ರಲ್ಲಿ ಝೈಸ್ ಕಂಪನಿಯ ಪ್ರಿಸಮ್ ಬೈನಾಕ್ಯುಲರ್ ಬಂತು. ಅಷ್ಟರಲ್ಲಿ ಅಬೆ ಶ್ರೀಮಂತರಾಗಿದ್ದರು. ಝೈಸ್ 1888ರಲ್ಲಿ ತೀರಿಕೊಂಡ ಮೇಲೆ ಅಬೆ ಒಂದು ಪ್ರತಿಷ್ಠಾನ ಸ್ಥಾಪಿಸಿ, ಕಂಪನಿಯಲ್ಲಿನ ತಮ್ಮ ಪಾಲನ್ನೆಲ್ಲ ಅದಕ್ಕೆ ಬಿಟ್ಟುಕೊಟ್ಟರು. ಕಾರ್ಮಿಕರಿಗೆ ಪಿಂಚಣಿ, ಸಂಬಳಸಹಿತ ರಜೆ ಬಂತು. 1900ರಲ್ಲಿ ದಿನಕ್ಕೆ 8 ಗಂಟೆಯ ಕೆಲಸವೂ ಜಾರಿಯಾಯಿತು, ಅಪ್ಪ ದುಡಿಯುತ್ತಿದ್ದ ಹೊತ್ತಿನ ಸರಿಸುಮಾರು ಅರ್ಧ. 1905ರ ಜನವರಿ 14ರಂದು ಅಬೆ ಯೇನಾದಲ್ಲಿ ನಿಧನರಾದರು. ಅವರ ಸೂತ್ರವನ್ನು ಆ ಊರಿನ ಸ್ಮಾರಕದಲ್ಲಿ ಕಲ್ಲಿನಲ್ಲಿ ಕೆತ್ತಲಾಗಿದೆ.

ಹಾಗಾಗಿ ಮುಂದಿನ ಸಲ 100 ಪಟ್ಟು ಜೂಮ್ ಎಂಬ ಫಾರ್ವರ್ಡ್ ಬಂದರೆ, ಹಂಚುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಲೆನ್ಸ್ ಎಷ್ಟು ಅಗಲ?